ಶಾಸನಚಿತ್ರಗಳ ಸಂಗ್ರಹಕ್ಕೆ ತಕ್ಕ ಸಾಧನ: ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ?

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಇಂದು ಚಿಕ್ಕಯ್ಯನಛತ್ರ ಹೋಬಳಿಯ ಗ್ರಾಮಗಳಿಗೆ ಕ್ಷೇತ್ರಕಾರ್ಯಕ್ಕಾಗಿ ಹೊರಡುವ ವಿದ್ಯಾರ್ಥಿಯು ಡಿಜಿಟಲ್ ಕ್ಯಾಮೆರಾವನ್ನೂ ಲ್ಯಾಪ್‌ಟಾಪನ್ನೂ ಜೊತೆಗೆ ಒಯ್ಯುತ್ತಾನೆ. ಸವೆದ ಕಲ್ಲೊಂದು ಮುಂದೆ ನಾಶವಾದರೆ ಅವನು ತೆಗೆದ ಚಿತ್ರವೇ ಉಳಿಯುವ ಆಧಾರ. ಆದುದರಿಂದ ಆ ಚಿತ್ರವನ್ನು ಯಾವ ಸಾಧನದಲ್ಲಿ ಇರಿಸಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಹಾರ್ಡ್ ಡಿಸ್ಕಿನಲ್ಲಿ ಕಾಂತೀಯ ಲೇಪವುಳ್ಳ ತಟ್ಟೆಗಳು ತಿರುಗುತ್ತಿರುತ್ತವೆ. ಓದುವ ಮೊನೆಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ಚಲಿಸುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಭಾಗವು ಮೊನೆಯ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡುಗಳಷ್ಟು ಕಾಯಬೇಕು. ಓಡುತ್ತಿರುವಾಗ ಪೆಟ್ಟು ಬಿದ್ದರೆ ಮೊನೆಯು ತಟ್ಟೆಗೆ ತಾಗಿ ಮಾಹಿತಿ ನಷ್ಟವಾಗಬಹುದು.

ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಅದರ ಸೂಕ್ಷ್ಮಕೋಶಗಳು ವಿದ್ಯುದಂಶವನ್ನು ಸೆರೆಹಿಡಿದು ಮಾಹಿತಿಯನ್ನು ಕಾಯುತ್ತವೆ. ಆದುದರಿಂದ ಅದು ಕುಲುಕಾಟವನ್ನು ಚೆನ್ನಾಗಿ ತಾಳಬಲ್ಲುದು, ವೇಗವೂ ಅಧಿಕ. ಉದಾಹರಣೆಗೆ, ತಲಾ 25 ಮೆಗಾಬೈಟಿನ 2000 ಚಿತ್ರಗಳು ಸೇರಿ 50 ಗಿಗಾಬೈಟುಗಳಾಗುತ್ತವೆ. ಸೆಕೆಂಡಿಗೆ 500 ಮೆಗಾಬೈಟು ಓದುವ ಎಸ್‌ಎಸ್‌ಡಿಗೆ ಇದು 100 ಸೆಕೆಂಡುಗಳ ಕೆಲಸ. 150 ಮೆಗಾಬೈಟು ಓದುವ ಹಾರ್ಡ್ ಡಿಸ್ಕಿಗೆ ಐದೂವರೆ ನಿಮಿಷಗಳ ಕೆಲಸ.

ಹಾಗಾದರೆ ಎಸ್‌ಎಸ್‌ಡಿಯೇ ಎಲ್ಲಕ್ಕೂ ಉತ್ತಮವೆನ್ನಬಹುದೆ? ಹಾಗೆನ್ನಲಾಗದು. ಮೊದಲನೆಯದಾಗಿ, ಅಷ್ಟೇ ಹಣಕ್ಕೆ ದೊಡ್ಡ ಹಾರ್ಡ್ ಡಿಸ್ಕುಗಳಲ್ಲಿ ಹೆಚ್ಚು ಸ್ಥಳ ದೊರೆಯುತ್ತದೆ. ಎರಡನೆಯದಾಗಿ, ಎಸ್‌ಎಸ್‌ಡಿಯ ಕೋಶಗಳಲ್ಲಿ ಬರೆದು ಅಳಿಸುವುದಕ್ಕೆ ಮಿತಿಯುಂಟು. ವಿದ್ಯುತ್ತಿನ ಸಂಪರ್ಕವಿಲ್ಲದೆ ಬಹುಕಾಲ ಇರಿಸಿದರೆ ಅವುಗಳಲ್ಲಿನ ವಿದ್ಯುದಂಶ ಮೆಲ್ಲನೆ ಸೋರುತ್ತದೆ. ಬರೆಯುವ ಮಿತಿಯನ್ನು ಮುಟ್ಟಿದ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಯು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಳ್ಳಬೇಕೆಂಬುದು ಜೆಡೆಕ್ ಸಂಸ್ಥೆಯ ಮಾನದಂಡ. ಹೊಸ ಸಾಧನದಲ್ಲಿ ಈ ಅವಧಿ ಹೆಚ್ಚು. ಸೆಕೆ ಏರಿದಂತೆ ಅದು ಕುಗ್ಗುತ್ತದೆ. ಬೇಸಗೆಯಲ್ಲಿ ಬೀಗ ಹಾಕಿದ ಕಪಾಟನ್ನು ನೆನೆದರೆ ಇದರ ಮಹತ್ತ್ವ ತಿಳಿಯುವುದು.

ಈ ಕಾರಣಗಳಿಂದ ಊರೂರು ತಿರುಗುವ ಲ್ಯಾಪ್‌ಟಾಪಿಗೂ ದಿನನಿತ್ಯದ ಸಂಪಾದನ ಕಾರ್ಯಕ್ಕೂ ಎಸ್‌ಎಸ್‌ಡಿ ಯುಕ್ತ. ವಿಭಾಗದಲ್ಲಿ ಕಾದಿಡುವ ದೊಡ್ಡ ಸಂಗ್ರಹಕ್ಕೆ ಹಾರ್ಡ್ ಡಿಸ್ಕು ಯುಕ್ತ. ಆದರೆ ಹಾರ್ಡ್ ಡಿಸ್ಕೂ ಶಾಶ್ವತವಲ್ಲವೆಂಬುದನ್ನು ಮರೆಯಲಾಗದು. ತಾಳೆಗರಿಯ ಗ್ರಂಥಗಳು ನಮ್ಮವರೆಗೆ ಬಂದುದು ಗರಿಯ ಗಟ್ಟಿತನದಿಂದ ಮಾತ್ರವಲ್ಲ. ಲಿಪಿಕಾರರು ಮತ್ತೆ ಮತ್ತೆ ಪ್ರತಿಮಾಡಿದುದರಿಂದ. ಕ್ಷೇತ್ರದಿಂದ ಹಿಂದಿರುಗಿದ ದಿನವೇ ಚಿತ್ರಗಳನ್ನು ಎರಡು ಹಾರ್ಡ್ ಡಿಸ್ಕುಗಳಿಗೆ ಪ್ರತಿಮಾಡಿ, ಒಂದನ್ನು ಬೇರೆ ಕಟ್ಟಡದಲ್ಲಿರಿಸಿ, ವರ್ಷಕ್ಕೊಮ್ಮೆ ಎರಡನ್ನೂ ತೆರೆದು ಪರೀಕ್ಷಿಸುವುದು ಒಳ್ಳೆಯದು. ಈ ಪ್ರತಿಗಳು ಸಿದ್ಧವಾಗುವವರೆಗೆ ಕ್ಯಾಮೆರಾದ ಕಾರ್ಡಿನಲ್ಲಿರುವ ಮೂಲ ಚಿತ್ರಗಳನ್ನು ಅಳಿಸತಕ್ಕದ್ದಲ್ಲ.