ಮೂಗಿಗಿಂತ ಮೂಗುತಿ ಭಾರವಾದಾಗ

ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹುಕಾಲ ಕುಳಿತವನಿಗೆ ‘ಆಗದು’ ಎನ್ನುವುದು ಅಭ್ಯಾಸವಾಗಿಬಿಡುತ್ತದೆ. ಹಳೆಯ ವಾಹನಕ್ಕೆ ಸಾಲ ಕೇಳಿ ಬಂದವರಿಗೆ ಅದರ ವಯಸ್ಸು, ಸವಕಳಿ, ಮರುಮಾರಾಟದ ಬೆಲೆ ಇವನ್ನೆಲ್ಲ ವಿವರಿಸಿ ನಯವಾಗಿ ಹಿಂದಕ್ಕೆ ಕಳುಹಿಸಿದ ಸಂದರ್ಭಗಳು ನನ್ನ ಸೇವಾವಧಿಯಲ್ಲಿ ಅನೇಕ. ಆದರೆ ಕಳೆದ ದೀಪಾವಳಿಯ ಸುಮಾರಿಗೆ, ಅರ್ಜಿದಾರನೂ ನಾನೇ, ಮಂಜೂರು ಮಾಡಬೇಕಾದ ಅಧಿಕಾರಿಯೂ ನಾನೇ ಆದ ಪ್ರಸಂಗವೊಂದು ಒದಗಿತು. ಆಗ ನನಗಾದ ಗೊಂದಲವನ್ನೂ ಅದರಿಂದ ಕಲಿತುದನ್ನೂ ನಮ್ಮ ಸಂಘದ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಮಲಾಡಿನ ಮಾರ್ವೆ ರಸ್ತೆಯ ಸಮೀಪದಲ್ಲಿ ವಾಸಿಸುವ ಹಿರಿಯ ಕನ್ನಡಿಗರೊಬ್ಬರು ಊರಿಗೆ ಮರಳಿ ನೆಲೆಸುವ ಸಿದ್ಧತೆಯಲ್ಲಿದ್ದರು. ಅವರ ಕಟ್ಟಡದ ಹಿಂಬದಿಯಲ್ಲಿ ಹೊದಿಕೆಯಡಿ ನಿಂತಿದ್ದ ಕಾರನ್ನು ತೋರಿಸಿ, “ರಾಯರೇ, ನಿಮಗಾದರೆ ಎರಡೂಕಾಲು ಲಕ್ಷಕ್ಕೆ ಕೊಡುತ್ತೇನೆ. ಎಂಜಿನ್ ಸ್ವಲ್ಪ ಹೊಗೆ ಕಾರುತ್ತದೆ, ಬ್ರೇಕು ಸಡಿಲ. ಮುಚ್ಚಿಡುವುದೇನು?” ಎಂದರು. ಹೊದಿಕೆ ಸರಿಸಿದಾಗ ಕಂಡದ್ದು ಕೆಂಪು ಬಣ್ಣದ ಸ್ಯಾನ್ ಸ್ಟಾರ್ಮ್.

ಈ ಕಾರಿನ ಹೆಸರನ್ನು ಕೇಳದವರೂ ನಮ್ಮಲ್ಲಿ ಇದ್ದಾರು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ಗೋವೆಯಲ್ಲಿ ತಯಾರಿಸತೊಡಗಿದ, ಎರಡೇ ಆಸನಗಳ ಪುಟ್ಟ ಸ್ಪೋರ್ಟ್ಸ್ ಕಾರು ಇದು. ಮೈ ಫೈಬರ್‌ಗ್ಲಾಸಿನದು, ಒಳಗಿರುವುದು 1,149 ಸಿಸಿಯ ರೆನೋ ಎಂಜಿನ್, ಶಕ್ತಿ ಸುಮಾರು 60 ಅಶ್ವಶಕ್ತಿ. ವಿದೇಶಿ ಕಾರುಗಳ ವೇಗ ಇದಕ್ಕಿರಲಿಲ್ಲವಾದರೂ, ತೆರೆದ ಕಾರೊಂದು ನಮ್ಮ ದೇಶದಲ್ಲೇ ತಯಾರಾಯಿತೆಂಬ ಸಂತೋಷ ಆಗ ಕಾಲೇಜಿನಲ್ಲಿದ್ದ ನನ್ನಂಥವರಿಗೆ ಕಡಿಮೆಯದಾಗಿರಲಿಲ್ಲ. ಇಪ್ಪತ್ತೈದು ವರ್ಷ ಮನಸ್ಸಿನ ಮೂಲೆಯಲ್ಲಿದ್ದ ಆಸೆ ಒಮ್ಮೆಲೇ ಎದ್ದು ಕುಳಿತಿತು.

ನನ್ನ ಕೈಯಲ್ಲಿ ಹಣವೂ ಇತ್ತು. ತಾಯಿಯವರ ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ತೆಗೆದಿರಿಸಿದ್ದ ನಿರಖು ಠೇವಣಿ ಅದು. ‘ಈಗ ಬೇಡ, ಮಳೆ ಕಳೆಯಲಿ’, ‘ಈಗ ಬೇಡ, ಹಬ್ಬ ಕಳೆಯಲಿ’ ಎಂದು ಅವರೇ ಮುಂದೂಡುತ್ತಿದ್ದರು. ಅವರಿಗೇ ಅವಸರವಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಮೊದಲು ಬಿಡಿಭಾಗ, ಅನಂತರ ಎಂಜಿನ್

ನಮ್ಮವರಿಂದ ಕೊಳ್ಳುವಾಗ ಪರೀಕ್ಷೆ ಮಾಡಿಸುವುದು ಅವಿಶ್ವಾಸದ ಲಕ್ಷಣವೆಂಬ ಭಾವನೆ ನಮ್ಮಲ್ಲಿದೆ. ಇದು ಸರಿಯಲ್ಲ. ನೀರಿನೊಳಗಿನ ಎಮ್ಮೆಗೆ ಬೆಲೆ ಕಟ್ಟಬಾರದೆಂದು ಹಿರಿಯರು ಹೇಳಿದ್ದು ಮಾರುವವನು ಕಳ್ಳನೆಂಬ ಕಾರಣದಿಂದಲ್ಲ. ನೀರಿನೊಳಗೇನಿದೆಯೆಂಬುದು ಅವನಿಗೂ ತಿಳಿದಿರದೆಂಬುದರಿಂದ. ಆದ್ದರಿಂದ ಬೆಳಗಾವಿ ಕಡೆಯ ಪರಿಚಿತ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋದೆ. ಅವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಬಣ್ಣಾ ನೋಡಿ ಮರುಳಾಗಬ್ಯಾಡ್ರಿ ಸರ. ಮೊದಲ ಇದರ ಸಾಮಾನ ಎಲ್ಲಿ ಸಿಗತಾವ ಹೇಳ್ರಿ” ಎಂದರು.

ಈ ಒಂದು ಪ್ರಶ್ನೆಯಲ್ಲಿ ಹಳೆಯ ಕಾರಿನ ಅರ್ಥಶಾಸ್ತ್ರವೆಲ್ಲ ಅಡಗಿದೆ. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯನ್ನೇ ನೋಡಿ. ಅದರ ತಯಾರಿಕೆ ನಿಂತ ಮೇಲೂ ಎರಡು ದಶಕಗಳ ಕಾಲ ಆ ಕಪ್ಪು-ಹಳದಿ ಟ್ಯಾಕ್ಸಿ ಮುಂಬಯಿಯಲ್ಲಿ ಓಡಿತು. 2023ರ ಅಕ್ಟೋಬರ್ ಕೊನೆಯಲ್ಲಿ ಅದು ನಿವೃತ್ತವಾದದ್ದು 20 ವರ್ಷಗಳ ವಯೋಮಿತಿಯಿಂದಲೇ ಹೊರತು ಬಿಡಿಭಾಗಗಳ ಅಭಾವದಿಂದಲ್ಲ. ಸಹಸ್ರಾರು ಸಂಖ್ಯೆಯಲ್ಲಿ ಓಡಾಡಿದ ಕಾರಿಗೆ ಬೀದಿಬೀದಿಯಲ್ಲೂ ಮೇಸ್ತ್ರಿ, ಕುರ್ಲಾದ ಸಿ.ಎಸ್.ಟಿ. ರಸ್ತೆಯ ಅಂಗಡಿಗಳಲ್ಲಿ ಹಳೆಯ ಸಾಮಾನು. ಕೆಲವೇ ತಯಾರಾದ, ತಯಾರಿಕೆಯೇ ನಿಂತುಹೋದ ಕಾರಿಗೆ ಈ ಆಸರೆಯಿಲ್ಲ. ಅದರ ಗಾಜೋ ದೀಪವೋ ಒಡೆದರೆ ಹುಡುಕಿ ತರಿಸಬೇಕು, ಇಲ್ಲವೇ ಹೇಳಿ ಮಾಡಿಸಬೇಕು. ತಿಂಗಳುಗಟ್ಟಲೆ ಕಾಯುವುದಕ್ಕೂ ಬೆಲೆಯುಂಟು.

ಹೊಗೆ ಹೇಳುವ ಕಥೆ

ಈ ಸಂಚಿಕೆಯ ಆರೋಗ್ಯ ಲೇಖನಗಳಲ್ಲಿ ವೈದ್ಯರು ರೋಗಲಕ್ಷಣಗಳನ್ನು ವಿವರಿಸುವಂತೆ ಮೇಸ್ತ್ರಿಯವರು ನನಗೆ ಕಾರಿನ ಲಕ್ಷಣಗಳನ್ನು ವಿವರಿಸಿದರು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದು ಅರ್ಥ. ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿರುತ್ತದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚಾಗಿ ಹೋಗುತ್ತಿದೆ. ಇದು ಸಾಮಾನ್ಯವಾಗಿ ಸಣ್ಣ ಕಾಯಿಲೆ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಕ್ಷಣಕಾಲ ಬರುವ ಬಿಳಿ ಆವಿಗೆ ಅಂಜಬೇಕಿಲ್ಲ. ಆದರೆ ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಒಡೆದಿರುವ ಸಂಭವ ಹೆಚ್ಚು. ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಹಾಲು ಬೆರೆತ ಕಾಫಿಯಂಥ ಜಿಡ್ಡು ಕಂಡರೆ ಎಣ್ಣೆಗೆ ನೀರು ಸೇರಿರಬಹುದು. ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನು ಅಳೆಯುವ ಕಂಪ್ರೆಶನ್ ಪರೀಕ್ಷೆಯಂತೂ ಕಾರಿನ ಇ.ಸಿ.ಜಿ. ಇದ್ದಂತೆ, ನಾಲ್ಕರಲ್ಲಿ ಒಂದು ಬಹಳ ಕೆಳಗಿದ್ದರೆ ಎಂಜಿನ್ ಬಿಚ್ಚಲೇಬೇಕು.

ನಾನು ನೋಡಿದ ಕಾರಿನಿಂದ ನೀಲಿ ಹೊಗೆ ಬಂತು. ಒಂದು ಸಿಲಿಂಡರ್ ಕ್ಷೀಣವಾಗಿತ್ತು. ಮಾರುವವರು ಹೇಳಿದ ದೋಷ ಎರಡು. ಅವರಿಗೂ ತಿಳಿಯದಿದ್ದವು ಇನ್ನೂ ಮೂರು. ಇದು ತಯಾರಿಸಿದವರ ತಪ್ಪಲ್ಲ. ಹತ್ತಾರು ಮಳೆಗಾಲ ಕಂಡು, ಮೂರು ವರ್ಷ ನಿಂತಲ್ಲೇ ನಿಂತ ಯಾವ ಕಾರಿನ ಪಾಡೂ ಇದೇ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಟಯರು ಓಡದಿದ್ದರೂ ಮುದಿಯಾಗುತ್ತದೆ. ಅದರ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆಯೇ ಅದರ ಜಾತಕ. 2315 ಎಂದಿದ್ದರೆ 2015ರ 23ನೆಯ ವಾರದಲ್ಲಿ ತಯಾರಾದದ್ದು. ಫೈಬರ್‌ಗ್ಲಾಸಿಗೆ ತುಕ್ಕು ಹಿಡಿಯದು ನಿಜ. ಆದರೆ ಅದರ ಕೆಳಗಿರುವ ಉಕ್ಕಿನ ಭಾಗಗಳನ್ನು ಮಲಾಡಿನ ಸಮುದ್ರದ ಗಾಳಿ ಬಿಡುವುದಿಲ್ಲ. ಹಳೆಯ ಕಾರುಗಳ ರಬ್ಬರು ಕೊಳವೆಗಳನ್ನು ಈಗಿನ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆಂದು ಮಾಡಿದ್ದಲ್ಲವಾದ್ದರಿಂದ ಅವನ್ನೂ ಬದಲಿಸಬೇಕಾದೀತು.

ಇನ್ನೊಂದು ಮಾತನ್ನು ಆರೋಗ್ಯದ ದೃಷ್ಟಿಯಿಂದ ಹೇಳುವುದು ಅವಶ್ಯ. ಹೊಗೆಕೊಳವೆ ತೂತಾದ ಕಾರಿನೊಳಕ್ಕೆ ಕಾರ್ಬನ್ ಮಾನಾಕ್ಸೈಡ್ ನುಸುಳಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದಾಗಲೇ ಗೊತ್ತಾಗುವುದು. ಕಿಟಕಿ ಮುಚ್ಚಿ ಎಂಜಿನ್ ನಡೆಸುತ್ತ ಕಾರಿನಲ್ಲಿ ಮಲಗುವ ಅಭ್ಯಾಸ ಪ್ರಾಣಾಂತಿಕವಾದೀತು.

ಕಾಗದಪತ್ರಗಳ ಪರೀಕ್ಷೆ

ಎಂಜಿನ್ ದೋಷವನ್ನು ಮೇಸ್ತ್ರಿ ತಿದ್ದಿಯಾನು. ಕಾಗದದ ದೋಷ ಕೋರ್ಟಿನವರೆಗೆ ಒಯ್ದೀತು. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ. ಅನಂತರ ಪರೀಕ್ಷೆಗೊಳಪಟ್ಟು ಐದೈದು ವರ್ಷಕ್ಕೆ ನವೀಕರಣ. 2002ರಲ್ಲಿ ನೋಂದಣಿಯಾಗಿದ್ದ ಈ ಕಾರಿನ ಅವಧಿ 2022ರಲ್ಲಿ ಮುಗಿದಿತ್ತು, ವಿಮೆಯೂ ಇರಲಿಲ್ಲ. ಹಿಂದೆ 600 ರೂಪಾಯಿಯಿದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು; 20 ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ 10,000ಕ್ಕೇರಿತು. ತಡವಾದ ತಿಂಗಳುಗಳ ಶುಲ್ಕ, ಮಹಾರಾಷ್ಟ್ರದ ಹಸಿರು ತೆರಿಗೆ ಬೇರೆ. “ಮಾರ್ವೆಯವರೆಗೆ ಒಂದು ಸುತ್ತು ಹೋಗಿಬನ್ನಿ” ಎಂದು ಹಿರಿಯರು ಪ್ರೀತಿಯಿಂದ ಕೀಲಿಕೈ ಕೊಟ್ಟರೂ ನಾನು ಹೋಗಲಿಲ್ಲ. ವಿಮೆಯಿಲ್ಲದ ಕಾರು ಒಬ್ಬರಿಗೆ ತಾಗಿದರೆ ತೆರಬೇಕಾದ ಪರಿಹಾರಕ್ಕೆ ಜೀವಮಾನದ ಸಂಬಳವೂ ಸಾಲದು.

ಊರಿನಿಂದ ಕರ್ನಾಟಕದ ನಂಬರಿನ ಕಾರು ತರುವವರು ನಮ್ಮಲ್ಲಿ ಬಹಳ. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಅಲ್ಲಿಯ ನಿರಾಕ್ಷೇಪಣಾ ಪತ್ರ ತಂದು ಇಲ್ಲಿಯ ನಂಬರು ಪಡೆಯಬೇಕೆಂಬುದು 1988ರ ಮೋಟಾರು ವಾಹನ ಕಾಯಿದೆಯ ವಿಧಿ. ಮಾರಿದವರಿಗೂ ಒಂದು ಎಚ್ಚರಿಕೆ: ಹೆಸರು ವರ್ಗಾವಣೆಯಾಗುವ ತನಕ ಅಪಘಾತದ ಹೊಣೆ ನೋಂದಾಯಿತ ಮಾಲಿಕನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿದೆ. ಹಣ ಎಣಿಸಿಕೊಂಡು ಕೀಲಿಕೈ ಕೊಟ್ಟಲ್ಲಿಗೆ ಕೆಲಸ ಮುಗಿಯುವುದಿಲ್ಲ.

ಲೆಕ್ಕದ ಹಾಳೆ

ಆ ರಾತ್ರಿ ಹಾಳೆಯೊಂದನ್ನು ತೆಗೆದುಕೊಂಡು, ಬೇರೊಬ್ಬರ ಅರ್ಜಿಯೆಂದೇ ಭಾವಿಸಿ ಬರೆದೆ. ಕಾರಿನ ಬೆಲೆ 2,25,000 ರೂ. ಎಂಜಿನ್, ಬ್ರೇಕು, ಟಯರು, ವೈರಿಂಗ್, ಮೇಲ್ಹೊದಿಕೆ ಸೇರಿ ಮೇಸ್ತ್ರಿಯ ಅಂದಾಜು 1,40,000. ಬಿಚ್ಚಿದ ಮೇಲೆ ಕಾಣುವ ದೋಷಗಳಿಗೆ ಅದರ ಅರ್ಧ, ಅಂದರೆ 70,000. ನೋಂದಣಿ, ತೆರಿಗೆ, ವಿಮೆ 45,000. ನಮ್ಮ ಕಟ್ಟಡದಲ್ಲಿ ಜಾಗವಿಲ್ಲದ್ದರಿಂದ ನಿಲುಗಡೆಗೆ ತಿಂಗಳಿಗೆ 2,500ರಂತೆ ಐದು ವರ್ಷಕ್ಕೆ 1,50,000. ಒಟ್ಟು 6,30,000 ರೂಪಾಯಿ. ಇದರಲ್ಲಿ ಒಂದು ಲೀಟರ್ ಪೆಟ್ರೋಲೂ ಸೇರಿಲ್ಲ. ಮೂಗಿಗಿಂತ ಮೂಗುತಿ ಭಾರವೆಂದರೆ ಇದೇ ಅಲ್ಲವೇ?

ಹಾಗೆಂದು ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರೆಲ್ಲ ಅವಿವೇಕಿಗಳಲ್ಲ. ನಿಲ್ಲಿಸಲು ಸ್ವಂತ ಜಾಗ, ನಂಬಿಕೆಯ ಮೇಸ್ತ್ರಿ, ಕಳೆದುಹೋದರೂ ಸಂಸಾರ ಅಲುಗದಷ್ಟು ಹಣ, ದಿನನಿತ್ಯದ ಓಡಾಟಕ್ಕೆ ಬೇರೆ ಸಾಧನ, ಈ ನಾಲ್ಕೂ ಇರುವವರಿಗೆ ಅದೊಂದು ಸದಭಿರುಚಿ. ಸಂಗೀತಕ್ಕೋ ಪ್ರವಾಸಕ್ಕೋ ಖರ್ಚು ಮಾಡಿದಂತೆ ಅದನ್ನು ಸಂತೋಷದ ಖಾತೆಗೆ ಬರೆದುಕೊಳ್ಳಲಿ. ಅದನ್ನು ‘ಉಳಿತಾಯ’ ಎಂದೋ ‘ಹೂಡಿಕೆ’ ಎಂದೋ ಕರೆದಾಗಲೇ ಮೋಸಹೋಗುವುದು. ನನ್ನಲ್ಲಿ ಆ ನಾಲ್ಕರಲ್ಲಿ ಮೇಸ್ತ್ರಿ, ಲೋಕಲ್ ರೈಲು ಎರಡೇ ಇದ್ದವು.

ಆದರೂ ಮನಸ್ಸು ಒಪ್ಪಲಿಲ್ಲ. ಮರುದಿನ ಮನೆಯವರನ್ನೆಲ್ಲ ಕರೆದೊಯ್ದು ಕಾರು ತೋರಿಸಿದೆ. ಮಗಳು ನನ್ನ ಪಕ್ಕದಲ್ಲಿ ಕುಳಿತಳು. ಅಲ್ಲಿಗೆ ಆಸನಗಳು ಮುಗಿದವು. ಹೆಂಡತಿಯೂ ತಾಯಿಯೂ ಹೊರಗೆ ನಿಂತಿದ್ದರು. ನೆಲಕ್ಕಂಟಿದಂತಿದ್ದ ಆ ಆಸನವನ್ನು ತಾಯಿ ಬಗ್ಗಿ ನೋಡಿ, “ಚಂದ ಉಂಟು ಮಗಾ. ಆದರೆ ಒಮ್ಮೆ ಕೂತರೆ ನನ್ನನ್ನು ಎಬ್ಬಿಸಲಿಕ್ಕೆ ಇಬ್ಬರು ಬೇಕಾದೀತು” ಎಂದು ನಕ್ಕರು, ನಗುವಾಗಲೂ ಅವರ ಕೈ ಗೋಡೆಯನ್ನು ಹಿಡಿದೇ ಇತ್ತು. ಲೆಕ್ಕದ ಹಾಳೆ ಮಾಡಲಾಗದ ಕೆಲಸವನ್ನು ಆ ನೋಟ ಮಾಡಿತು.

ಹಿರಿಯರಿಗೆ ನೆಪ ಹೇಳಲಿಲ್ಲ. ಲೆಕ್ಕದ ಹಾಳೆಯನ್ನೇ ಕೈಗಿತ್ತೆ. ಅವರು ಎರಡು ಬಾರಿ ಓದಿ, “ನೋಂದಣಿ ಮೊದಲು ನಾನೇ ಸರಿಮಾಡಿಸಬೇಕಿತ್ತು” ಎಂದಷ್ಟೇ ಅಂದರು. ನಮ್ಮ ಸ್ನೇಹಕ್ಕೆ ಕುಂದು ಬರಲಿಲ್ಲ. ತಾಯಿಯವರ ಶಸ್ತ್ರಚಿಕಿತ್ಸೆ ಸಂಕ್ರಾಂತಿಯ ಮರುವಾರ ನಡೆಯಿತು. ಈಗ ಕೋಲು ಹಿಡಿದು ಕಟ್ಟಡದ ಕೆಳಗೆ ಒಂದು ಸುತ್ತು ನಡೆಯುತ್ತಾರೆ. ಆ ಕೆಂಪು ಕಾರಿನ ಆಸೆ ಹೋಯಿತೇ ಎಂದು ಕೇಳಿದರೆ, ಇಲ್ಲ. ಮಾರ್ವೆ ರಸ್ತೆಯಲ್ಲಿ ಹೋಗುವಾಗ ಆ ಹೊದಿಕೆಯತ್ತ ಈಗಲೂ ಕಣ್ಣು ಹರಿಯುತ್ತದೆ. ಆಸೆ ಪಡುವುದು ತಪ್ಪಲ್ಲ. ಅದರ ಪೂರ್ಣ ಬೆಲೆಯನ್ನು ಬರೆದು ನೋಡಿದ ಮೇಲೆ ಪಡೋಣ. ಕೊಳ್ಳಲು ಹೊರಟಿರುವ ಬಾಂಧವರು ದುಡ್ಡಿನ ಚೀಲ ಬಿಚ್ಚುವ ಮುನ್ನ ಒಂದು ಹಾಳೆ, ಒಬ್ಬ ಮೇಸ್ತ್ರಿ, ಒಂದು ರಾತ್ರಿ ಇವಿಷ್ಟನ್ನು ಖರ್ಚು ಮಾಡಲೆಂಬುದೇ ನನ್ನ ವಿನಂತಿ.