ಹಳೇ ಗಾಡಿ ಗೆದ್ದಿತು... ಗೆಲ್ಲಿಸಿದವನ ಹೆಸರೇನು?

ಒಂಬತ್ತು ವರ್ಷದ ಹಳೇ ಕಾರು. ನಮ್ಮ ಅಂಕೋಲಾ ಬಸ್ ಸ್ಟ್ಯಾಂಡಿನ ಹೊರಗೆ ನಿಲ್ಲುವ ಟೆಂಪೋಗಳ ಲೆಕ್ಕದಲ್ಲಿ ಅದೇನು ದೊಡ್ಡ ವಯಸ್ಸಲ್ಲ ಬಿಡಿ. ಆದರೆ ರೇಸಿನ ಲೋಕದಲ್ಲಿ ಒಂಬತ್ತು ವರ್ಷ ಅಂದರೆ ಮುತ್ತಜ್ಜ! ಅಂಥ ಮುತ್ತಜ್ಜನೊಬ್ಬ 1936ರ ಆಗಸ್ಟ್ ತಿಂಗಳಲ್ಲಿ, ಹದಿನೈದೇ ದಿನದೊಳಗೆ, ಮೂರು ದೇಶಗಳಲ್ಲಿ ಮೂರು ರೇಸು ಗೆದ್ದ. ಎದುರಿಗಿದ್ದವೆಲ್ಲ ಹೊಚ್ಚ ಹೊಸ ಗಾಡಿಗಳು.

ಸಿನಿಮಾ ಪತ್ರಿಕೆಯಲ್ಲಿ ಕಾರಿನ ಕತೆ ಯಾಕಪ್ಪಾ ಅಂತ ಕೇಳ್ತೀರಾ? ಸ್ವಲ್ಪ ತಾಳಿ ಓದುಗರೇ. ಈ ಕತೆಯಲ್ಲಿ ಹಣವಂತ ಹೀರೋ ಇದ್ದಾನೆ, ಇಬ್ಬರು ರಾಜಕುಮಾರರಿದ್ದಾರೆ, ಸಾಕ್ಷಾತ್ ಹನುಮಂತನೂ ಇದ್ದಾನೆ. ಇವರೆಲ್ಲರ ಹಿಂದೆ, ಪೋಸ್ಟರಿನಲ್ಲಿ ಮುಖ ಕಾಣಿಸದ ಒಬ್ಬ ಮೆಕ್ಯಾನಿಕ್ ಇದ್ದಾನೆ. ನಾನು ಬರೆಯಲು ಕೂತದ್ದು ಅವನಿಗಾಗಿ. ಇನ್ನೊಬ್ಬನಿಗಾಗಿಯೂ ಹೌದು. ಅವನ ವಿಷಯ ಮೊದಲು ಹೇಳಿಬಿಡುತ್ತೇನೆ.

ಬೆಳಂಬಾರದ ನಂಬರ್ ಪ್ಲೇಟುಗಳು

ನನ್ನೂರು ಬೆಳಂಬಾರ. ಅಂಕೋಲೆಯ ಪಕ್ಕದ ಕಡಲ ತಡಿಯ ಊರು. ಲಕ್ವ ಹೊಡೆದವರಿಗೆ ಕೊಡುವ ನಾಟಿ ಔಷಧದಿಂದ ಇದರ ಹೆಸರು ದೂರದೂರಕ್ಕೆ ಹೋಗಿದೆ. ನಾನು ಚಡ್ಡಿ ಹಾಕುವ ಕಾಲದಲ್ಲಿ ನಮ್ಮ ಆಟವೆಂದರೆ ರೋಗಿಗಳನ್ನು ಕರೆತಂದ ಕಾರುಗಳ ನಂಬರ್ ಪ್ಲೇಟು ಎಣಿಸುವುದು. ಗೋವಾದ್ದು ಒಂದು, ಮಹಾರಾಷ್ಟ್ರದ್ದು ಎರಡು, ಹುಬ್ಬಳ್ಳಿಯದು ಲೆಕ್ಕವಿಲ್ಲ. ಅಷ್ಟು ದೂರ ಓಡಿ ಬಂದ ಗಾಡಿಗಳಲ್ಲಿ ಒಂದೋ ಎರಡೋ ಇಲ್ಲೇ ಕೈ ಕೊಡುತ್ತಿದ್ದವು. ಆಗ ಎಲ್ಲರೂ ಓಡುತ್ತಿದ್ದದ್ದು ನನ್ನ ಸೋದರಮಾವನ ಗ್ಯಾರೇಜಿಗೆ.

ಗ್ಯಾರೇಜು ಅಂದರೆ ಏನು? ನಾಲ್ಕು ಕಂಬ, ಮೇಲೊಂದು ತಗಡು, ಪಕ್ಕದಲ್ಲೊಂದು ಹೊಂಡ. ಮಾವ ಬಾನೆಟ್ಟು ಎತ್ತುವುದಕ್ಕೆ ಮೊದಲು ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುತ್ತಿದ್ದ. ಆಮೇಲೆ ಒಂದೇ ಮಾತು: ‘ಮೂರನೇ ಪ್ಲಗ್ಗು’. ತೆಗೆದು ನೋಡಿದರೆ ಅದೇ! ರೋಗಿ ಕೂತಿದ್ದ ಗಾಡಿಯಾದರೆ ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ, ಸಾಮಾನಿನ ದುಡ್ಡು ಮಾತ್ರ. ಪಿಯುಸಿ ಅರ್ಧಕ್ಕೆ ಬಿಟ್ಟ ಮೇಲೆ ನಾನು ಎರಡು ವರ್ಷ ಅವನ ಕೈಕೆಳಗೆ ಪಾನಾ ಹಿಡಿದೆ. ಕೆಲಸ ಕಲಿಯಲಿಲ್ಲ. ಕತೆ ಕಟ್ಟಲು ಕಲಿತೆ.

ಇರಲಿ. ಈಗ 1936ಕ್ಕೆ ಹೋಗೋಣ.

ಓದು ಬಿಟ್ಟವನ ಸಾಹಸ

ನಮ್ಮ ಹೀರೋ ರಿಚರ್ಡ್ ಸೀಮನ್, ಎಲ್ಲರ ಬಾಯಲ್ಲಿ ಡಿಕ್ ಸೀಮನ್. ಇಂಗ್ಲೆಂಡಿನ ಶ್ರೀಮಂತರ ಮನೆಯ ಹುಡುಗ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದವನು ರೇಸಿನ ಹುಚ್ಚು ಹತ್ತಿ ಓದನ್ನು ಅರ್ಧಕ್ಕೆ ಬಿಟ್ಟ. (ನಾನೂ ಬಿಟ್ಟವನೇ. ವ್ಯತ್ಯಾಸ ಇಷ್ಟೇ, ಅವನ ಮನೆಯಲ್ಲಿ ದುಡ್ಡಿತ್ತು!)

1935ರಲ್ಲಿ ಅವನು ಇ.ಆರ್.ಎ. ಎಂಬ ಹೊಸ ಕಾರು ಕೊಂಡ. ಆ ಕಾಲದ ಒಂದೂವರೆ ಲೀಟರ್ ರೇಸಿಗೆ ಇಂಗ್ಲೆಂಡಿನವರು ಕಟ್ಟಿದ ಹೆಮ್ಮೆಯ ಗಾಡಿ. ಆದರೆ ಸೀಮನ್‌ಗೆ ಅದು ಮೊದಲು ಒಲಿಯಲಿಲ್ಲ. ರೇಸಿನ ನಡುವೆ ನಿಲ್ಲುವುದೇ ಅದಕ್ಕೆ ಕೆಲಸ. ಕೊನೆಗೆ ಬೇಸತ್ತು ಗಾಡಿಯನ್ನು ಕಾರ್ಖಾನೆಯವರ ಕೈಯಿಂದ ಬಿಡಿಸಿ ಒಬ್ಬ ಇಟಲಿಯವನ ಕೈಗೆ ಕೊಟ್ಟ. ಅದೇ ಗಾಡಿ, ಅದೇ ಡ್ರೈವರ್, ಕೈ ಮಾತ್ರ ಬೇರೆ. ಅಲ್ಲಿಂದ ಗೆಲ್ಲತೊಡಗಿತು!

ಆ ಇಟಲಿಯವನೇ ಜೂಲಿಯೋ ರಾಂಪೋನಿ. ಆಲ್ಫಾ ರೋಮಿಯೋ ಕಾರ್ಖಾನೆಯಲ್ಲಿ ಪಳಗಿದವ. 1928 ಮತ್ತು 1929ರಲ್ಲಿ ಇಟಲಿಯ ಸಾವಿರ ಮೈಲಿಯ ರೇಸು ಮಿಲೆ ಮಿಲಿಯಾವನ್ನು ಕಂಪಾರಿ ಗೆದ್ದಾಗ ಪಕ್ಕದ ಸೀಟಿನಲ್ಲಿ ಕೂತಿದ್ದವನು ಇವನೇ.

ಮರುವರ್ಷ, 1936ಕ್ಕೆ, ಯಾವ ಹೊಸ ಕಾರು ಕೊಳ್ಳೋಣ ಅಂತ ಸೀಮನ್ ಕೇಳಿದಾಗ ರಾಂಪೋನಿ ಹೇಳಿದ ಉತ್ತರ ಕೇಳಿ ಎಲ್ಲರೂ ನಕ್ಕಿರಬೇಕು. ಹೊಸದು ಬೇಡ, 1927ರ ಡೆಲಾಜ್ ತೆಗೆದುಕೊಳ್ಳೋಣ!

ಕಾಲು ಸುಡುತ್ತಿದ್ದ ಕಾರು

ಡೆಲಾಜ್ ಅಂದರೆ ಸಾಮಾನ್ಯ ಗಾಡಿಯಲ್ಲ. ಫ್ರಾನ್ಸಿನ ಲೂಯಿ ಡೆಲಾಜ್ ಎಂಬಾತ ಕೈಲಿದ್ದ ದುಡ್ಡನ್ನೆಲ್ಲ ಸುರಿದು ಕಟ್ಟಿಸಿದ್ದು. ಇಂಜಿನಿಯರು ಆಲ್ಬೆರ್ ಲೋರಿ. ಒಂದೇ ಸಾಲಿನಲ್ಲಿ ಎಂಟು ಸಿಲಿಂಡರು, ಅಳತೆ ಬರೀ ಒಂದೂವರೆ ಲೀಟರು, ಮೇಲಿಂದ ಗಾಳಿ ತುಂಬುವ ಸೂಪರ್‌ಚಾರ್ಜರು. ನಿಮಿಷಕ್ಕೆ 8000 ಸುತ್ತು ತಿರುಗುತ್ತಿತ್ತು. 1920ರ ದಶಕದಲ್ಲಿ ಅದು ಯಕ್ಷಿಣಿಯೇ ಸರಿ.

1926ರಲ್ಲಿ ಮೊದಲು ಇಳಿದಾಗ ಒಂದು ಎಡವಟ್ಟಾಗಿತ್ತು. ಹೊಗೆಯ ಪೈಪು ಡ್ರೈವರ್ ಕೂರುವ ಬದಿಯಲ್ಲೇ ಹೋಗುತ್ತಿತ್ತು. ಪಾಪ, ಡ್ರೈವರುಗಳ ಕಾಲು ಬೆಂದು ಹೋಗುತ್ತಿತ್ತು. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ನಡೆದ ಬ್ರಿಟಿಷ್ ಗ್ರಾಂಡ್ ಪ್ರಿಯಲ್ಲಿ ನಡುನಡುವೆ ಗಾಡಿ ನಿಲ್ಲಿಸಿ ನೀರಿನಲ್ಲಿ ಕಾಲು ಅದ್ದಿ ಮತ್ತೆ ಹತ್ತಿದರಂತೆ! ಮರುವರ್ಷ ಲೋರಿ ಪೈಪನ್ನು ಇನ್ನೊಂದು ಬದಿಗೆ ತಿರುಗಿಸಿದ. ಅಷ್ಟೇ, 1927ರಲ್ಲಿ ರೊಬೆರ್ ಬೆನ್ವಾ ಎಂಬ ಡ್ರೈವರ್ ಫ್ರಾನ್ಸ್, ಸ್ಪೇನ್, ಇಟಲಿ, ಇಂಗ್ಲೆಂಡ್ ಹೀಗೆ ನಾಲ್ಕೂ ದೊಡ್ಡ ರೇಸು ಗೆದ್ದುಬಿಟ್ಟ. ಆಮೇಲೆ ಕಂಪನಿ ರೇಸಿನಿಂದ ಹಿಂದೆ ಸರಿಯಿತು, ಗಾಡಿಗಳು ಕೈಯಿಂದ ಕೈಗೆ ಮಾರಾಟವಾದವು.

ಹಾಗೆ ಅರ್ಲ್ ಹೌ ಎಂಬ ಜಮೀನ್ದಾರರ ಹತ್ತಿರವಿದ್ದ ಡೆಲಾಜ್ ಸೀಮನ್ ಕೈಗೆ ಬಂತು. ರಾಂಪೋನಿ ಅದನ್ನು ಪೂರ್ತಿ ಬಿಚ್ಚಿದ. ಬೇಡದ ಭಾರ ಇಳಿಸಿದ. ಹಳೇ ಬ್ರೇಕು ತೆಗೆದು ಎಣ್ಣೆಯ ಒತ್ತಡದಿಂದ ಹಿಡಿಯುವ ಹೊಸ ಬ್ರೇಕು ಕೂರಿಸಿದ. ಇಂಜಿನ್ನಿಗೆ ಇನ್ನಷ್ಟು ಕಸುವು ತುಂಬಿದ. ದೊಡ್ಡ ಟ್ಯಾಂಕು ಹಾಕಿದ. ದೊಡ್ಡ ಟ್ಯಾಂಕಿನ ಗುಟ್ಟು ಗೊತ್ತಾಯ್ತಾ? ಉಳಿದವರು ಪೆಟ್ರೋಲಿಗೆ ನಿಂತಾಗ ಇವನು ನಿಲ್ಲುವ ಹಾಗೇ ಇಲ್ಲ!

ಮೇ ತಿಂಗಳಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ರೇಸು ಡೆಲಾಜ್ ಪಾಲಾಯಿತು. ಬೇಸಗೆಯ ನಡುವೆ ಗಾಡಿ ರಸ್ತೆ ಬಿಟ್ಟು ಹೋಗಿ ಜಖಂ ಕೂಡ ಆಯಿತು. ರಾಂಪೋನಿ ಮತ್ತೆ ಕಟ್ಟಿದ. ಆಮೇಲೆ ಬಂತು ನೋಡಿ ಆಗಸ್ಟ್. 15ಕ್ಕೆ ಇಟಲಿಯ ಪೆಸ್ಕಾರಾ, ಗೆಲುವು. 23ಕ್ಕೆ ಸ್ವಿಟ್ಜರ್‌ಲ್ಯಾಂಡಿನ ಬರ್ನ್, ಗೆಲುವು. 29ಕ್ಕೆ ಇಂಗ್ಲೆಂಡಿನ ಡಾನಿಂಗ್ಟನ್. ಅಲ್ಲಿ 200 ಮೈಲಿ, ಒಂದು ಸಲವೂ ನಿಲ್ಲದೆ ಓಡಿ ಗೆಲುವು. ಡ್ರೈವರಿಗೆ ಹಾರ ಬಿತ್ತು, ಫೋಟೋ ಬಂತು. ಸರಿ, ಅವನೂ ಜೀವ ಒತ್ತೆಯಿಟ್ಟವನೇ. ಆದರೆ ಒಂದು ರೇಸಿನಿಂದ ಇನ್ನೊಂದಕ್ಕೆ ಗಡಿ ದಾಟಿ ಬರುವಷ್ಟರಲ್ಲಿ ಆ ಇಂಜಿನ್ನನ್ನು ಮತ್ತೆ ಜೀವಂತ ಮಾಡಿದ ಕೈಗಳನ್ನು ಸ್ವಲ್ಪ ನೆನೆಯಿರಿ.

ಬಿಳಿ ಇಲಿ, ನೀಲಿ ಹನುಮಂತ

ಇಂಟರ್‌ವೆಲ್ ಮುಗೀತು. ಈಗ ರಾಜಕುಮಾರರ ಪ್ರವೇಶ.

ಏಷ್ಯಾದವರ ರೇಸ್ ತಂಡ ಅಂದರೆ ನಮಗೆ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ನೆನಪಾಗುತ್ತದೆ. 2008ರಿಂದ 2018ರವರೆಗೆ ಫಾರ್ಮುಲಾ ಒನ್‌ನಲ್ಲಿ ಓಡಿ, 2016 ಮತ್ತು 2017ರಲ್ಲಿ ತಂಡಗಳ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಿತ್ತು. ಅದಕ್ಕೂ ಎಂಬತ್ತು ವರ್ಷ ಮೊದಲು ಲಂಡನ್ನಿನಲ್ಲಿ ಸಿಯಾಂ ದೇಶದ, ಅಂದರೆ ಇವತ್ತಿನ ಥಾಯ್ಲೆಂಡಿನ, ಇಬ್ಬರು ರಾಜಕುಮಾರರ ತಂಡವಿತ್ತು. ಓಡಿಸುವವನು ಬೀರಾ, ನಡೆಸುವವನು ಅವನ ದಾಯಾದಿ ಅಣ್ಣ ಚೂಲಾ. ಚೂಲಾನನ್ನು ಮನೆಯಲ್ಲಿ ‘ಇಲಿ’ ಅಂತ ಕರೆಯುತ್ತಿದ್ದರು. ಹಾಗಾಗಿ ತಂಡದ ಹೆಸರು ‘ವೈಟ್ ಮೌಸ್’, ಬಿಳಿ ಇಲಿ! ಕಾರಿಗೆ ಒಂದು ಬಗೆಯ ತಿಳಿ ನೀಲಿ. ಸುಂದರಿಯೊಬ್ಬಳು ತೊಟ್ಟ ಉಡುಪಿನ ಬಣ್ಣ ಮೆಚ್ಚಿ ಅದನ್ನೇ ಬಳಿಸಿದರು ಎಂಬ ಕತೆಯಿದೆ. ನಮ್ಮ ನಿರ್ದೇಶಕರು ಕೇಳಿದರೆ ಅಲ್ಲೇ ಒಂದು ಹಾಡು ಹಾಕಿಬಿಡುತ್ತಾರೆ!

ಅವರ ಮೊದಲ ಇ.ಆರ್.ಎ. ಕಾರು ‘ರೋಮ್ಯುಲಸ್’, ಬೀರಾನ 21ನೇ ಹುಟ್ಟುಹಬ್ಬಕ್ಕೆ ಚೂಲಾ ಕೊಟ್ಟ ಉಡುಗೊರೆ. ಎರಡನೆಯದು ‘ರೆಮಸ್’. 1938ರಲ್ಲಿ ಬಂದ ಮೂರನೆಯದರ ಹೆಸರು ಹೇಳಿದರೆ ನಂಬುತ್ತೀರೋ ಇಲ್ಲವೋ, ‘ಹನುಮಾನ್’! ಥಾಯಿಗಳಿಗೂ ರಾಮಾಯಣ ಮನೆಯ ಕತೆ ತಾನೆ. ನಮ್ಮ ಕಡೆ ಬಯಲಾಟದಲ್ಲಿ ಹನುಮಂತ ರಂಗಕ್ಕೆ ಬರುವಾಗ ಚೆಂಡೆ ಬಾರಿಸುವ ಅಬ್ಬರ ನೆನೆಸಿಕೊಂಡರೆ ರೇಸಿನ ಗಾಡಿಗೆ ಇದಕ್ಕಿಂತ ಒಳ್ಳೆ ಹೆಸರು ಸಿಗಲಿಕ್ಕಿಲ್ಲ.

1936ರಲ್ಲಿ ಬೀರಾ ಕೂಡ ಸುಮ್ಮನೆ ಕೂತಿರಲಿಲ್ಲ. ಮೊನಾಕೋದಲ್ಲಿ ಗೆದ್ದ. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಕೂದಲೆಳೆಯ ಅಂತರದಲ್ಲಿ ಗೆದ್ದ. ಚೂಲಾ ಗಡಿಯಾರ ಹಿಡಿದು ಸುತ್ತು ಸುತ್ತಿನ ಲೆಕ್ಕ ಬರೆಯುವವ, ಪೈಸೆ ಪೈಸೆ ಖರ್ಚು ನೋಡುವವ. ಮೆಕ್ಯಾನಿಕ್‌ಗಳೂ ಗಟ್ಟಿಗರು. ಅವರಲ್ಲೊಬ್ಬ ‘ಲಾಫ್ಟಿ’ ಇಂಗ್ಲೆಂಡ್, ಮುಂದೆ ಜಾಗ್ವಾರ್ ಕಂಪನಿಯ ಮುಖ್ಯಸ್ಥನೇ ಆದ!

ಇಂಥ ಜಾಣ ಚೂಲಾ ಕೂಡ ಒಂದು ಕಡೆ ಎಡವಿದ. ಸೀಮನ್‌ನ ಡೆಲಾಜ್ ನಾಗಾಲೋಟ ನೋಡಿ ಆ ಗಾಡಿಯನ್ನೇ ಕೊಂಡುಬಿಟ್ಟ. ಸೀಮನ್‌ಗೆ ಅದು ಬೇಕಿರಲಿಲ್ಲ, 1937ಕ್ಕೆ ಜರ್ಮನಿಯ ಮರ್ಸಿಡಿಸ್ ತಂಡ ಅವನನ್ನು ಕರೆದಿತ್ತು. ಗಾಡಿ ಬಂತು, ಸಾಮಾನು ಬಂತು. ಹೊಸ ಚಾಸಿಗೆ ಮೂಲ ಇಂಜಿನಿಯರ್ ಲೋರಿಯನ್ನೇ ಹಿಡಿದರು. ಹಣ ನೀರಿನಂತೆ ಹರಿಯಿತು. ಆದರೆ 1936ರ ಆ ಓಟ ಮತ್ತೆ ಬರಲೇ ಇಲ್ಲ. ಬೀರಾ ತನ್ನ ಇ.ಆರ್.ಎ. ಗಾಡಿಗಳಿಗೇ ಮರಳಬೇಕಾಯಿತು.

ಎಲ್ಲವನ್ನೂ ಕೊಂಡಿದ್ದರು ಸ್ವಾಮಿ. ರಾಂಪೋನಿಯ ಕೈ ಮಾತ್ರ ಬಿಲ್ಲಿನಲ್ಲಿ ಸೇರಿರಲಿಲ್ಲ.

ಮುಂದಿನ ಕತೆ ದುಃಖದ್ದು. ಸೀಮನ್ 1938ರಲ್ಲಿ ಜರ್ಮನ್ ಗ್ರಾಂಡ್ ಪ್ರಿ ಗೆದ್ದ. 1939ರ ಜೂನ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ, ಎಲ್ಲರಿಗಿಂತ ಮುಂದೆ ಓಡುತ್ತಿದ್ದಾಗಲೇ ಮರಕ್ಕೆ ಬಡಿದು, ಬೆಂಕಿಯಲ್ಲಿ ಸಿಕ್ಕಿ ತೀರಿಕೊಂಡ. ವಯಸ್ಸು 26. ಬೀರಾ 1985ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ರೈಲು ನಿಲ್ದಾಣದಲ್ಲಿ ಕುಸಿದು ಸತ್ತ. ಒಂದು ಕಾಲದಲ್ಲಿ ಎಲ್ಲ ಪೇಪರಿನಲ್ಲಿ ಫೋಟೋ ಬರುತ್ತಿದ್ದ ರಾಜಕುಮಾರ ಯಾರು ಅಂತ ಅಲ್ಲಿದ್ದವರಿಗೆ ಗುರುತೇ ಹತ್ತಲಿಲ್ಲ. ಗಾಡಿಗಳೇ ವಾಸಿ. ಆ ಕಾಲದ ಇ.ಆರ್.ಎ. ಕಾರುಗಳು ಹಳೇ ಗಾಡಿಗಳ ರೇಸಿನಲ್ಲಿ ಇವತ್ತಿಗೂ ಓಡುತ್ತವೆ. ಯಾಕೆಂದರೆ ಇವತ್ತಿಗೂ ಯಾರೋ ಅವುಗಳ ಹೊಟ್ಟೆಯೊಳಗೆ ಕೈ ಹಾಕಿ ಕೂತಿದ್ದಾರೆ.

ಶೂಟಿಂಗಿನ ಆ ರಾತ್ರಿ

ಈಗ ಮಾವನ ಕತೆ ಮುಗಿಸುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಕಡಲ ತಡಿಗೆ ಒಂದು ಶೂಟಿಂಗ್ ಬಂದಿತ್ತು. ಯಾವ ಸಿನಿಮಾ ಅಂತ ಬೇಡ. ಹೀರೋ ಹಳೇ ಲ್ಯಾಂಡ್‌ಮಾಸ್ಟರ್ ಕಾರಿನಲ್ಲಿ ದಡದ ರಸ್ತೆಯ ಮೇಲೆ ಬರುವ ಸೀನು. ಲಾರಿಯ ಮೇಲೆ ತಂದ ಕಾರು ಇಳಿಸಿದ ಮೇಲೆ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ರಾತ್ರಿ ಒಂಬತ್ತಕ್ಕೆ ಮಾವನಿಗೆ ಬುಲಾವು ಬಂತು. ನಾನು ಟಾರ್ಚು ಹಿಡಿದೆ.

ಮಾವ ಪಾಯಿಂಟು ಬಿಚ್ಚಿ ಪಾಲಿಶ್ ಪೇಪರಿನಿಂದ ತಿಕ್ಕಿದ. ಕಾರ್ಬೋರೇಟರ್ ತೊಳೆದ. ಪೆಟ್ರೋಲ್ ಪಂಪಿನ ಹರಿದ ಡಯಾಫ್ರಾಮಿಗೆ ತನ್ನ ಡಬ್ಬಿಯಿಂದ ಏನೋ ಹುಡುಕಿ ಕತ್ತರಿಸಿ ಕೂರಿಸಿದ. ಬೆಳಗಿನ ಜಾವ ನಾಲ್ಕಕ್ಕೆ ಇಂಜಿನ್ನು ಕೆಮ್ಮಿತು, ಆಮೇಲೆ ಹಾಡಿತು. ಏಳಕ್ಕೆ ಸೀನು ಮುಗಿಯಿತು. ಹೀರೋ ಕೈ ಬೀಸಿದ, ಜನ ಶಿಳ್ಳೆ ಹೊಡೆದರು. ‘ಪೇಮೆಂಟು ಆಫೀಸಿಂದ ಬರ್ತದೆ’ ಅಂದರು. ಬರಲೇ ಇಲ್ಲ.

ಸಿನಿಮಾ ಕಾರವಾರಕ್ಕೆ ಬಂದಾಗ ಮಾವನನ್ನು ಕರೆದುಕೊಂಡು ಹೋದೆ. ಮುಗಿದ ಮೇಲೆ ಹೆಸರುಗಳು ಓಡತೊಡಗಿದವು. ಜನ ಎದ್ದು ಹೊರಟರು. ಮಾವ ಮಾತ್ರ ಕೂತೇ ಇದ್ದ, ಕೊನೆಯ ಹೆಸರಿನ ತನಕ. ಆಮೇಲೆ ಏನೂ ಹೇಳದೆ ಎದ್ದ. ಬಸ್ಸಿನಲ್ಲಿ ಅಂಕೋಲಾ ಬರುವವರೆಗೂ ಮಾತಿಲ್ಲ.

ಈಗ ಗ್ಯಾರೇಜು ಇಲ್ಲ. ಹೊಸ ಕಾರುಗಳಿಗೆ ಕಂಪ್ಯೂಟರ್ ಹಚ್ಚಿ ನೋಡಬೇಕು, ಸದ್ದು ಕೇಳಿ ಹೇಳುವವರು ಯಾರಿಗೂ ಬೇಡ. ಮಾವನ ಕೈ ನಡುಗುತ್ತದೆ. ತಗಡು ಮಾರಿಯಾಯ್ತು, ಹೊಂಡಕ್ಕೆ ಮಣ್ಣು ತುಂಬಿಯಾಯ್ತು.

ಮೊನ್ನೆ ಅವನ ಜಗಲಿಯ ಮೇಲೆ ಕೂತು ರಾಂಪೋನಿಯ ಕತೆ ಪೂರ್ತಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದ, ಇಂಜಿನ್ ಸದ್ದು ಕೇಳುವ ಹಾಗೆಯೇ.

‘ತಮಾ, ಆ ಇಟಲಿಯವಂಗೆ ಪಗಾರು ಸಮಾ ಕೊಟ್ರಾ?’ ಅಂತ ಕೇಳಿದ.

‘ಹೆಸರಂತೂ ಉಳಿದಿದೆ ಮಾವ. ತೊಂಬತ್ತು ವರ್ಷ ಆದ್ರೂ ಜನ ಹೇಳ್ತಾರೆ.’

‘ಹಾಂಗಾದ್ರೆ ಅಡ್ಡಿಲ್ಲ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ನೀ ಪೇಪರಲ್ಲಿ ನನ್ನ ಹೆಸ್ರು ಹಾಕೂಕೆ ಹೋಗ್ಬೇಡ. ಶೂಟಿಂಗಿನವ್ರು ಓದಿ ಮತ್ತೆ ಪುಕ್ಕಟೆ ಕೆಲ್ಸ ಹೇಳೂಕೆ ಬತ್ರು’ ಅಂತ ನಕ್ಕ.

ಮಾತು ಕೊಟ್ಟಿದ್ದೇನೆ, ಹೆಸರು ಹಾಕುವುದಿಲ್ಲ. ನಿಮ್ಮಲ್ಲಿ ಒಂದೇ ಕೇಳಿಕೆ ಓದುಗರೇ. ಮುಂದಿನ ಸಲ ಸಿನಿಮಾ ಮುಗಿದು ಹೆಸರುಗಳು ಓಡುವಾಗ ಬಸ್ಸಿಗೆ ಇನ್ನೂ ಹೊತ್ತಿದ್ದರೆ ಎರಡು ನಿಮಿಷ ಕೂತಿರಿ. ಲೈಟು ಹಿಡಿದವ, ಅಡಿಗೆ ಮಾಡಿದವ, ಗಾಡಿ ರಿಪೇರಿ ಮಾಡಿದವ, ಯಾರದೋ ಹೆಸರು ಅಲ್ಲಿ ಬಂದೀತು. ಅದನ್ನು ನೋಡಲೆಂದೇ ಊರಿಂದ ಬಂದ ಯಾರೋ ನಿಮ್ಮ ಹಿಂದಿನ ಸೀಟಿನಲ್ಲಿ ಕೂತಿರಬಹುದು. ನೀವು ಎದ್ದು ನಿಂತರೆ ಅವರಿಗೆ ಪರದೆ ಕಾಣಿಸುವುದಿಲ್ಲ.