ಸುಟ್ಟ ಕಾಯಿಲು, ಕರಗಿದ ಅರಗು

ಮೋಟಾರು ಬಿಚ್ಚುವ ಮೊದಲೇ ಅದು ಹೇಗೆ ಕೆಟ್ಟಿತು ಎಂಬುದು ವಾಸನೆಯಿಂದ ತಿಳಿಯುತ್ತದೆ. ನೀರು ಹೊಕ್ಕಿದ್ದರೆ ತುಕ್ಕಿನ ವಾಸನೆ. ಬೇರಿಂಗ್ ಹೋಗಿದ್ದರೆ ಕಂದಿದ ಗ್ರೀಸಿನ ವಾಸನೆ. ಕಾಯಿಲು ಸುಟ್ಟಿದ್ದರೆ ವಾರ್ನಿಷಿನ ಘಾಟು. ಟ್ರೇಲರಿನಿಂದ ಇಳಿಸುವಾಗಲೇ ಮೂಗಿಗೆ ಬಡಿಯುತ್ತದೆ. ಕಲಘಟಗಿ ತಾಲೂಕಿನ ನಮ್ಮ ದೇವಿಕೊಪ್ಪದಲ್ಲಿ ಪಂಪಿನ ಮೋಟಾರು ಸುತ್ತುವುದು ನನ್ನ ಕಸುಬು. ಭತ್ತ, ಗೋವಿನಜೋಳ, ಕಬ್ಬು ಬೆಳೆಯುವ ಸೀಮೆ ಇದು. ಬೇಸಿಗೆ ಬಂದಂತೆ ಬೋರಿನ ನೀರು ಕೆಳಗೆ ಇಳಿಯುತ್ತದೆ, ನನ್ನ ಅಂಗಡಿಯ ಮುಂದೆ ಮೋಟಾರುಗಳ ಸಾಲು ಬೆಳೆಯುತ್ತದೆ.

ಒಂದು ಮಾರ್ಚ್ ತಿಂಗಳಲ್ಲಿ ಒಬ್ಬ ಹುಡುಗ ಐದು ಎಚ್‌ಪಿ ಮೋಟಾರು ತಂದಿಳಿಸಿ ಕೇಳಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. "ಕಾಕಾ, ರಾತ್ರೆಲ್ಲಾ ಕರೆಂಟ್ ಒಳಗ ಹೋಗೇತ್ರಿ. ನೀರಂತೂ ಬರಲಿಲ್ಲ. ಮತ್ತ ಅದೆಲ್ಲಾ ಹೋಗಿದ್ದೆಲ್ಲಿಗೆ?"

ಬಹಳ ಸರಿಯಾದ ಪ್ರಶ್ನೆ. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶ ಮಾಡಲೂ ಆಗದು, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಬಹುದಷ್ಟೇ ಎಂದು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಚಲನಶಕ್ತಿ, ಪ್ರಚ್ಛನ್ನಶಕ್ತಿ, ಉಷ್ಣ, ಬೆಳಕು, ಶಬ್ದ, ವಿದ್ಯುತ್, ರಾಸಾಯನಿಕ ಎಂದು ಹೆಸರುಗಳನ್ನೂ ಬರೆದಿರುತ್ತೇವೆ. ಆದರೆ ಆ ಹುಡುಗನ ಹಾಗೆ "ಹೋಗಿದ್ದೆಲ್ಲಿಗೆ" ಎಂದು ಕೇಳಿದಾಗ ಮಾತ್ರ ಆ ನಿಯಮಕ್ಕೆ ಜೀವ ಬರುತ್ತದೆ. ನಾನು ಮೋಟಾರು ಬಿಚ್ಚಿ ಅವನಿಗೆ ತೋರಿಸಿದೆ. ಎರಡು ಫೇಸಿನ ಕಾಯಿಲು ಕರ್ರಗೆ ಇದ್ದಿಲಾಗಿತ್ತು. ಮೂರನೆಯದು ಸುತ್ತಿದ ದಿನದ ಹಾಗೆಯೇ ಕೆಂಪಗೆ ಇತ್ತು. ಸ್ಟಾರ್ ಜೋಡಣೆಯ ಮೋಟಾರು ಹೀಗೆ ಸುಟ್ಟಿದ್ದರೆ ಒಂದು ಫೇಸು ಕಡಿದುಹೋಗಿ, ಉಳಿದ ಎರಡರ ಮೇಲೆ ಪೂರ್ತಿ ಭಾರ ಬಿದ್ದಿದೆ ಎಂದು ಅರ್ಥ. ನೀರಾಗಿ ಮೇಲೆ ಬರಬೇಕಾದದ್ದು ಶಾಖವಾಗಿ ಒಳಗೇ ಕೂತಿತ್ತು. "ಎಲ್ಲೂ ಹೋಗಿಲ್ಲಪಾ. ಇಲ್ಲೇ ಕೂತು ತಂತಿ ಸುಟ್ಟೈತಿ" ಎಂದೆ.

ಈ ಶಾಖದ ಲೆಕ್ಕವನ್ನು ಮೊದಲು ಹಿಡಿದವನು ಇಂಗ್ಲೆಂಡಿನ ಸ್ಯಾಲ್‌ಫರ್ಡ್ ಊರಿನ ಜೇಮ್ಸ್ ಜೂಲ್. ಅವನ ಮನೆತನದ್ದು ಬಿಯರ್ ತಯಾರಿಸುವ ಉದ್ಯೋಗ. ತಂತಿಯಲ್ಲಿ ಹರಿಯುವ ಕರೆಂಟು ದುಪ್ಪಟ್ಟಾದರೆ ಶಾಖ ದುಪ್ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ ಎಂದು ಅವನು 1840ರ ಸುಮಾರಿಗೆ ಅಳೆದು ತೋರಿಸಿದ. ಆಗ ಅವನ ವಯಸ್ಸು ಇಪ್ಪತ್ತೊಂದು. ನನ್ನ ಅಂಗಡಿಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಈ ಒಂದು ನಿಯಮದಿಂದಲೇ ಬರುತ್ತದೆ. ಐದು ಎಚ್‌ಪಿ ಮೋಟಾರಿಗೆ 415 ವೋಲ್ಟು ಸಿಕ್ಕರೆ ಅದು ಏಳೂವರೆ ಆಂಪಿಯರ್ ಆಸುಪಾಸು ಎಳೆಯುತ್ತದೆ. ವೋಲ್ಟೇಜು 300ಕ್ಕೆ ಇಳಿದರೂ ಎತ್ತುವ ನೀರಿನ ಭಾರ ಕಡಿಮೆಯಾಗುವುದಿಲ್ಲ. ಅದಕ್ಕೇ ಮೋಟಾರು ಹತ್ತು ಆಂಪಿಯರಿಗೂ ಮೇಲೆ ಎಳೆಯತೊಡಗುತ್ತದೆ. ಕರೆಂಟು ಒಂದೂಕಾಲು, ಒಂದೂವರೆ ಪಟ್ಟಿನ ನಡುವೆ ಇದ್ದರೂ ಕಾಯಿಲಿನ ಶಾಖ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಹತ್ತು ಡಿಗ್ರಿ ತಾಪ ಏರಿದರೆ ತಂತಿಯ ಮೇಲಿನ ಇನ್ಸುಲೇಷನ್ನಿನ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ನಮ್ಮ ಕಸುಬಿನ ಲೆಕ್ಕ.

ಅದಕ್ಕೇ ನಾನು ತಂತಿಯ ಗೇಜಿನಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ. ತಾಮ್ರದ ದರ ಏರಿದಾಗ ಒಂದು ಗೇಜು ಸಣ್ಣ ತಂತಿ ಹಾಕಿ ಕಡಿಮೆ ದುಡ್ಡಿಗೆ ಸುತ್ತಿಕೊಡಿ ಎಂದು ಕೇಳುವವರಿದ್ದಾರೆ. ತಂತಿ ಸಣ್ಣದಾದರೆ ತಡೆ ಹೆಚ್ಚು, ತಡೆ ಹೆಚ್ಚಿದರೆ ಶಾಖ ಹೆಚ್ಚು. ಮೋಟಾರು ತಿರುಗುತ್ತದೆ, ನೀರೂ ಬರುತ್ತದೆ, ಎರಡನೇ ಬೇಸಿಗೆಗೆ ಮತ್ತೆ ಸುಡುತ್ತದೆ. ನಮ್ಮ ರಾಜ್ಯದಲ್ಲಿ ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟಿನ ಬಿಲ್ಲಿಲ್ಲ. ರೈತನಿಗೆ ಅದು ಬೇಕೇ ಬೇಕು, ನಾನು ಅದಕ್ಕೆ ವಿರುದ್ಧ ಅಲ್ಲ. ಆದರೆ ಬಿಲ್ಲು ಬರದಿದ್ದರೂ ಲೆಕ್ಕ ನಡೆದೇ ಇರುತ್ತದೆ, ತಾಮ್ರದ ಮೇಲೆ.

ಆ ಕರೆಂಟು ಬಂದದ್ದು ಎಲ್ಲಿಂದ? ನಮ್ಮ ಪಶ್ಚಿಮಕ್ಕೆ ಗಣೇಶಗುಡಿಯ ಹತ್ತಿರ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು ಇದೆ, 101 ಮೀಟರ್ ಎತ್ತರದ್ದು. ಬಿಸಿಲು ಕಡಲನ್ನು ಕಾಯಿಸಿ ನೀರನ್ನು ಆವಿಯಾಗಿ ಎತ್ತುತ್ತದೆ. ಆ ಮೋಡ ಘಟ್ಟಕ್ಕೆ ಬಡಿದು ಮಳೆಯಾಗುತ್ತದೆ. ಎತ್ತರದಲ್ಲಿ ನಿಂತ ನೀರಿನಲ್ಲಿ ಇರುವುದೇ ಪ್ರಚ್ಛನ್ನಶಕ್ತಿ. ಅಂದರೆ ಬಿಸಿಲಿನ ದುಡಿಮೆಯನ್ನು ಕೂಡಿಟ್ಟ ಹಗೇವು. ಕೆಳಗೆ ನಾಗಝರಿಯಲ್ಲಿ ಆರು ಘಟಕಗಳಿವೆ. ಅಲ್ಲಿಗೆ ಪೈಪಿನಲ್ಲಿ ನೀರು ಧುಮುಕಿದಾಗ ಎತ್ತರವೆಲ್ಲ ವೇಗವಾಗುತ್ತದೆ, ವೇಗ ಟರ್ಬೈನಿನ ತಿರುಗುವಿಕೆಯಾಗುತ್ತದೆ, ತಾಮ್ರದ ಸುರುಳಿಗಳ ನಡುವೆ ಅಯಸ್ಕಾಂತ ತಿರುಗಿದಾಗ ಅದು ಕರೆಂಟಾಗುತ್ತದೆ. ಈ ಕೊನೆಯ ಗುಟ್ಟನ್ನು 1831ರಲ್ಲಿ ಕಂಡುಹಿಡಿದ ಮೈಕೆಲ್ ಫ್ಯಾರಡೆ ಹುಡುಗನಾಗಿದ್ದಾಗ ಪುಸ್ತಕ ಕಟ್ಟುವವನ ಹತ್ತಿರ ಕೆಲಸ ಕಲಿತವನು. ಕೈಕೆಲಸದಿಂದ ಬಂದವನು ಎಂದು ನನಗೆ ಅವನ ಮೇಲೆ ವಿಶೇಷ ಅಭಿಮಾನ. ಅವನೂ ಕಬ್ಬಿಣದ ಉಂಗುರಕ್ಕೆ ಕೈಯಾರೆ ತಂತಿ ಸುತ್ತಿದ್ದ.

ನಾಗಝರಿಯಲ್ಲಿ ಇರುವುದೂ ತಾಮ್ರದ ಸುರುಳಿಯೇ, ನನ್ನ ಮೇಜಿನ ಮೇಲಿರುವುದೂ ಅದೇ. ಅಲ್ಲಿ ಇಳಿಯುವ ನೀರು ಕರೆಂಟಾಗುತ್ತದೆ. ಇಲ್ಲಿ ಕರೆಂಟು ಏರುವ ನೀರಾಗುತ್ತದೆ. ಕೈಗಾದಲ್ಲಿ ಯುರೇನಿಯಂ ಅಣು ಒಡೆದ ಶಾಖಕ್ಕೆ ನೀರು ಕುದಿಯುತ್ತದೆ, ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದು ಕುದಿಯುತ್ತದೆ. ಎರಡೂ ಕಡೆ ಉಗಿ ಚಕ್ರ ತಿರುಗಿಸುತ್ತದೆ. ಪಾವಗಡದ ಸೋಲಾರ್ ಹಾಳೆಗಳಲ್ಲಿ ಮಾತ್ರ ಚಕ್ರವಿಲ್ಲ, ಬೆಳಕೇ ನೇರವಾಗಿ ಕರೆಂಟು. ಎಲ್ಲವೂ ಒಂದೇ ಜಾಲಕ್ಕೆ ಸೇರಿ ನಮ್ಮೂರ ಟ್ರಾನ್ಸ್‌ಫಾರ್ಮರಿಗೆ ಬರುತ್ತದೆ.

ಒಂದು ಯೂನಿಟ್ಟು ಎಂದರೆ ಎಷ್ಟು ಎಂದು ಹಲವರು ಕೇಳುತ್ತಾರೆ. 36 ಲಕ್ಷ ಜೂಲ್. ಆ ಬಿಯರ್ ಮನೆತನದ ಹುಡುಗನ ಹೆಸರೇ ಈಗ ಅಳತೆಯಾಗಿದೆ. ನನಗೆ ಹಿಡಿಸುವ ಲೆಕ್ಕ ಬೇರೆ. ಒಂದು ಕ್ವಿಂಟಲ್ ಚೀಲವನ್ನು ಮೂರೂವರೆ ಕಿಲೋಮೀಟರಿಗಿಂತ ಎತ್ತರಕ್ಕೆ ಎತ್ತಲು ಬೇಕಾದಷ್ಟು ಶಕ್ತಿ ಒಂದು ಯೂನಿಟ್ಟಿನಲ್ಲಿದೆ. ಗಟ್ಟಿಮುಟ್ಟಾದ ಆಳು ದಿನವಿಡೀ ಬೆವರು ಸುರಿಸಿದರೆ ಮಾಡುವ ಕೆಲಸ ಅರ್ಧ ಯೂನಿಟ್ಟಿಗಿಂತ ಸ್ವಲ್ಪವೇ ಹೆಚ್ಚು. ಮೂವತ್ತು ವರ್ಷ ಈ ಕೆಲಸ ಮಾಡಿದರೂ ಇದನ್ನು ನೆನೆದಾಗಲೆಲ್ಲ ನನಗೆ ಆಳುಮಕ್ಕಳ ನೆನಪಾಗುತ್ತದೆ. ಸ್ವಿಚ್ಚಿನ ಹಿಂದೆ ಎಷ್ಟು ರಟ್ಟೆಗಳು!

ನೂರು ಮೀಟರ್ ಆಳದ ಬೋರಿನಿಂದ ಸಾವಿರ ಲೀಟರ್ ನೀರು ಎತ್ತಲು ನಿಜಕ್ಕೂ ಬೇಕಾದದ್ದು ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು. ಹಳೆಯ ಪಂಪು ಅದಕ್ಕೆ ಅರ್ಧ ಯೂನಿಟ್ಟಿನ ಮೇಲೆಯೇ ತಿನ್ನುತ್ತದೆ. ಹೆಚ್ಚಿಗೆ ತಿಂದದ್ದು ಕಾಯಿಲಿನ ಶಾಖ, ಬೇರಿಂಗಿನ ತಿಕ್ಕಾಟ, ಇಂಪೆಲ್ಲರಿನಲ್ಲಿ ನೀರಿನ ಸುಳಿ, ಪೈಪಿನ ಗೋಡೆಗೆ ಉಜ್ಜಾಟ, ಮತ್ತೆ ಒಂದಿಷ್ಟು ಸದ್ದು. ಕೊನೆಗೆ ಬಹುಪಾಲು ನೀರಿಗೇ ಸೇರುತ್ತದೆ. ಸಬ್‌ಮರ್ಸಿಬಲ್ ಮೋಟಾರು ತಣ್ಣಗಿರುವುದು ತನ್ನ ಮೈ ಸವರಿ ಹರಿಯುವ ನೀರಿನಿಂದಲೇ. ಇಂಥ ನೀರು ಎಷ್ಟು ಬಿಸಿಯಾಗಿರುತ್ತದೆ? ಲೆಕ್ಕ ಹಾಕಿದರೆ ಒಂದು ಡಿಗ್ರಿಯ ಮೂರನೇ ಒಂದು ಭಾಗವೂ ದಾಟುವುದು ಕಷ್ಟ. ಕೈಗೆ ಗೊತ್ತಾಗುವುದೇ ಇಲ್ಲ. ಶಕ್ತಿ ಕಳೆದುಹೋಯಿತು ಎಂದು ನಮಗೆ ಅನಿಸುವುದು ಹೀಗೆ. ಅದು ಕಳೆದಿರುವುದಿಲ್ಲ, ತೆಳ್ಳಗೆ ಹರಡಿಕೊಂಡಿರುತ್ತದೆ, ಮತ್ತೆ ಬಾಚಿ ತಂದು ಮೋಟಾರು ತಿರುಗಿಸಲಾಗದಷ್ಟು ತೆಳ್ಳಗೆ.

ಇದನ್ನೇ ಜೂಲ್ ದೊಡ್ಡದಾಗಿ ನೋಡಲು ಹೊರಟಿದ್ದ. ನೀರಿನ ಪಾತ್ರೆಯಲ್ಲಿ ರೆಕ್ಕೆಗಳನ್ನಿಟ್ಟು, ತೂಕದ ಬಟ್ಟು ಇಳಿಬಿಟ್ಟು ಅವನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತು ಎಂದು ಅವನು ಅಳೆದದ್ದು ಹೆಸರಾದ ಪ್ರಯೋಗ. 1847ರಲ್ಲಿ ಮದುವೆಯಾದ ಹೊಸತರಲ್ಲಿ ಹೆಂಡತಿಯೊಂದಿಗೆ ಆಲ್ಪ್ಸ್ ಬೆಟ್ಟಕ್ಕೆ ಹೋದಾಗಲೂ ಕೈಯಲ್ಲಿ ಥರ್ಮಾಮೀಟರು ಹಿಡಿದಿದ್ದನೆಂದು, ಜಲಪಾತದ ಬುಡದ ನೀರು ಬಿಸಿ ಇದೆಯೇ ನೋಡಲಿದ್ದನೆಂದು ಅವನ ಗೆಳೆಯ ವಿಲಿಯಂ ಥಾಮ್ಸನ್ ನೆನಪಿಸಿಕೊಂಡಿದ್ದಾನೆ. ನಮ್ಮ ತಾಲೂಕಿನ ಬೇಡ್ತಿ ಹೊಳೆ ಕಾಡಿನಲ್ಲಿ ಹರಿದು ಯಲ್ಲಾಪುರದ ಆಚೆ ಮಾಗೋಡಿನಲ್ಲಿ ಸುಮಾರು ಇನ್ನೂರು ಮೀಟರ್ ಧುಮುಕುತ್ತದೆ. ಅಲ್ಲಿಯ ನೀರಿನಿಂದ ಕರೆಂಟು ತೆಗೆಯುವ ಯೋಜನೆ ಬಂದಿತ್ತು. ಕಾಡು, ತೋಟ ಮುಳುಗುತ್ತವೆ ಎಂದು ಉತ್ತರ ಕನ್ನಡದ ಜನ 1980ರ ದಶಕದ ಆರಂಭದಲ್ಲಿ ಎದ್ದು ನಿಂತರು, ಯೋಜನೆ ನಿಂತಿತು. ಹಾಗಾದರೆ ಅಷ್ಟು ನೀರಿನ ಬೀಳುವಿಕೆ ದಂಡವಾಯಿತೇ? ಜೂಲನ ಲೆಕ್ಕದಂತೆ ಆ ವೇಗವೆಲ್ಲ ಬಂಡೆಗೆ ಅಪ್ಪಳಿಸಿ ಶಾಖವಾಗುತ್ತದೆ, ಬುಡದ ನೀರು ಅರ್ಧ ಡಿಗ್ರಿಯಷ್ಟು ಬೆಚ್ಚಗಾಗಬೇಕು. ಗಾಳಿಗೆ ಆರುವ ತುಂತುರು ಅದರಲ್ಲಿ ಪಾಲು ಕಿತ್ತುಕೊಳ್ಳುತ್ತದೆ. ಜನ ಕಾಡು ಉಳಿಸಿಕೊಂಡದ್ದು ಸರಿ ಎಂದೇ ನನ್ನ ಅಭಿಪ್ರಾಯ. ನಮ್ಮ ಹೊಲದ ಮೋಟಾರು ಸೋರಿಸುವ ಶಾಖವನ್ನು ತಡೆಯದೆ, ಇನ್ನೊಂದು ಹೊಳೆಯನ್ನು ಕೇಳುವುದು ನ್ಯಾಯವಲ್ಲ.

ಶಾಖವನ್ನು ವೈರಿ ಎಂದೇ ತಿಳಿದಿದ್ದ ನನ್ನ ಕಣ್ಣು ತೆರೆಸಿದ್ದು ಕಲಘಟಗಿಯ ತೊಟ್ಟಿಲು. ಅಲ್ಲಿಯ ಚಿತ್ರಗಾರ ಮನೆತನಗಳು ತೇಗದಲ್ಲಿ ಮಾಡುವ ಬಣ್ಣದ ತೊಟ್ಟಿಲಿಗೆ ದೂರದೂರದಿಂದ ಜನ ಬರುತ್ತಾರೆ. ಹಲಗೆಯ ಮೇಲೆ ರಾಮಾಯಣದ, ಕೃಷ್ಣಲೀಲೆಯ ಚಿತ್ರ. ಸುತ್ತ ಕಡೆದ ಕಂಬಗಳು. ಲೇತಿನ ಮೋಟಾರು ಕೆಟ್ಟಿದೆಯೆಂದು ಒಮ್ಮೆ ಕರೆದರು. ಅರ್ಧ ಎಚ್‌ಪಿಯದು, ಕೆಪಾಸಿಟರ್ ಹೋಗಿತ್ತು. ಬದಲಿಸಿ ಚಾಲೂ ಮಾಡಿಕೊಟ್ಟೆ. ಕೆಲಸ ಮುಗಿಸಿ ಚಹಾ ಕುಡಿಯುತ್ತ ನೋಡುತ್ತಿದ್ದೆ. ಅಲ್ಲಿಯ ಹಿರಿಯರು ತಿರುಗುವ ಕಂಬಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರು. ಬೆಂಕಿ ಇಲ್ಲ, ಒಲೆ ಇಲ್ಲ. ಕಡ್ಡಿ ಮೆತ್ತಗಾಗಿ ಕೆಂಪು ಪಟ್ಟಿಯಾಗಿ ಮರಕ್ಕೆ ಹತ್ತಿಕೊಂಡಿತು.

"ಇದಕ್ಕ ಕಾಸೂದು ಬ್ಯಾಡೇನ್ರಿ ಯಜಮಾನ್ರ?" ಎಂದು ಕೇಳಿದೆ.

"ತಿರುಗೂದ ಕಾಸತೈತಿ ತಮ್ಮಾ. ಹಗುರ ಒತ್ತಿದ್ರ ಹತ್ತೂದಿಲ್ಲ, ಬಾಳ ಒತ್ತಿದ್ರ ಹೊತ್ತತೈತಿ. ಕೈಗೆ ಗೊತ್ತಿರಬೇಕು."

ಅರಗು ಕರಗುವುದು ಎಂಬತ್ತು ಡಿಗ್ರಿಯ ಆಸುಪಾಸಿನಲ್ಲಿ. ಅಷ್ಟು ಶಾಖ ಬಂದದ್ದು ಬರೀ ತಿಕ್ಕಾಟದಿಂದ. ಬೇರಿಂಗನ್ನು ತಿಂದುಹಾಕುವ ಅದೇ ತಿಕ್ಕಾಟ. ನಾನು ವರ್ಷಗಟ್ಟಲೆ ಗ್ರೀಸು ಬಳಿದು ಓಡಿಸುವ ಶಾಖವನ್ನು ಅವರು ಕೈ ಹಿಡಿದು ಕರೆದು ಕೂರಿಸುತ್ತಿದ್ದರು. ಕರೆಂಟು ಬರುವ ಮೊದಲು ಲೇತಿಗೆ ಹಗ್ಗ ಸುತ್ತಿ ಎಳೆಯುತ್ತಿದ್ದ ಕಾಲದಲ್ಲೂ ಅರಗು ಹೀಗೆಯೇ ಕರಗುತ್ತಿತ್ತು, ರಟ್ಟೆಯ ಬಲದಿಂದ. ಮರದ ರಸ ಹೀರಿ ಬದುಕುವ ಚಿಕ್ಕ ಹುಳ ಸ್ರವಿಸಿದ ಅಂಟು ಆ ಅರಗು. ಅದರಲ್ಲಿಯೂ ಬಿಸಿಲು ಇದೆ. ಇನ್ನೊಂದು ಸಂಗತಿ ನನಗೆ ಆಮೇಲೆ ಹೊಳೆಯಿತು. ಈಗಿನ ವಾರ್ನಿಷು ಬರುವ ಮೊದಲು ಮೋಟಾರಿನ ಕಾಯಿಲಿಗೆ ಬಳಿಯುತ್ತಿದ್ದದ್ದೂ ಇದೇ ಅರಗಿನಿಂದ ಮಾಡಿದ ಮೆರುಗೆಣ್ಣೆ.

ಅದಾದ ಎರಡು ವರ್ಷಕ್ಕೆ ಮೊಮ್ಮಗಳು ಹುಟ್ಟಿದಾಗ ಅಲ್ಲಿಂದಲೇ ತೊಟ್ಟಿಲು ತಂದೆ. ಜಂತಿಗೆ ತೂಗುಬಿಟ್ಟ ದಿನ ಮಗಳು ರೊಟ್ಟಿ ಬಡಿಯುತ್ತಲೇ ಹಗ್ಗವನ್ನು ಕಾಲಿನ ಬೆರಳಿಗೆ ಸಿಕ್ಕಿಸಿಕೊಂಡು ತೂಗುತ್ತಿದ್ದಳು. ತುದಿಗೆ ಹೋದಾಗ ಒಂದು ಕ್ಷಣ ನಿಲ್ಲುತ್ತದೆ, ಅಲ್ಲಿ ಎಲ್ಲವೂ ಎತ್ತರ. ನಡುವೆ ಬಂದಾಗ ಎಲ್ಲವೂ ವೇಗ. ಮತ್ತೆ ಎತ್ತರ, ಮತ್ತೆ ವೇಗ. ಕೊಂಡಿ ಕಿರ್ ಎನ್ನುತ್ತದೆ, ಪ್ರತಿ ಸಲ ತುಸು ಶಾಖವಾಗಿ, ಸದ್ದಾಗಿ, ಗಾಳಿಗೆ ಹೋಗುತ್ತದೆ; ಹೋದಷ್ಟನ್ನು ಅವಳ ಬೆರಳು ತುಂಬಿಕೊಡುತ್ತದೆ. ಕೂತಲ್ಲೇ ಲೆಕ್ಕ ಹಾಕಿದೆ. ಕೂಸು, ತೊಟ್ಟಿಲು ಸೇರಿ ಇಪ್ಪತ್ತು ಕಿಲೋ, ಜೀಕಿಗೆ ಐದು ಸೆಂಟಿಮೀಟರ್ ಎತ್ತರ. ಒಂದು ಜೀಕು ಪೂರ್ತಿ ಹೊಸದಾಗಿ ಕೊಟ್ಟರೂ ಹತ್ತು ಜೂಲ್. ಅವಳು ಬಡಿಯುತ್ತಿದ್ದ ಒಂದು ಜೋಳದ ರೊಟ್ಟಿಯಲ್ಲಿ ಎಂಟು ಲಕ್ಷ ಜೂಲ್‌ಗೂ ಮೇಲೆ. ಅದರ ಮುಕ್ಕಾಲು ಪಾಲು ಅವಳ ಮೈ ಬೆಚ್ಚಗಿಡಲು ಹೋದರೂ ಉಳಿದ ಕಾಲು ಪಾಲಿನಲ್ಲಿ ಇಪ್ಪತ್ತು ಸಾವಿರ ಜೀಕು.

"ಅಪ್ಪಾ, ಏನ್ ಎಣಸಾಕತ್ತೀರಿ?" ಎಂದಳು.

"ನಿನ್ನ ರೊಟ್ಟಿ" ಎಂದೆ. ಅವಳು ಬಿಸಿ ರೊಟ್ಟಿಯೊಂದನ್ನು ನನ್ನ ತಾಟಿಗೆ ಹಾಕಿದಳು.